ಅಟ್ಟ ಹತ್ತಿದ ವಾಷಿಂಗ್ ಮಿಷನ್ನು

ಎಲ್ಲದಕ್ಕೂ ಮೂಲ ಒಂದು ಸೋಪಿನ ಚೂರು. ಹೆಬ್ಬೆರಳ ಉಗುರಿನಷ್ಟಿದ್ದ ಆ ಚೂರು ಶಂಭುಲಿಂಗಯ್ಯನವರ ಮನೆಯ ಮೆಟ್ಟಿಲ ಮೇಲೆ ತನ್ನ ಪಾಡಿಗೆ ತಾನು ಬಿದ್ದಿತ್ತು. ಬಟ್ಟೆಯ ಬಕೆಟ್ ಹಿಡಿದು ತಾರಸಿಗೆ ಹೊರಟಿದ್ದ ಅವರ ಹೆಂಡತಿ ಗಿರಿಜಾಂಬಿಕಾ ಅದರ ಮೇಲೆ ಕಾಲಿಟ್ಟರು. ಬಕೆಟ್ ಮೇಲಕ್ಕೆ ಹಾರಿತು, ಗಿರಿಜಮ್ಮ ಕೆಳಕ್ಕೆ ಬಂದರು. ಎಡಗೈ ಮೂಳೆ ಮುರಿಯಿತು.

ಕಂದಿಕೆರೆಯ ನಾಟಿ ವೈದ್ಯರು ಸೊಪ್ಪು ಅರೆದು ಹಚ್ಚಿ, ಬಿದಿರು ದಬ್ಬೆ ಇಟ್ಟು ಕಟ್ಟು ಕಟ್ಟಿದರು. "ಮೂರು ವಾರ ಈ ಕೈಗೆ ನೀರು ಸೋಕಬಾರ್ದು, ಭಾರ ಬೀಳಬಾರ್ದು" ಅಂದರು. ಗಿರಿಜಮ್ಮ ತಲೆ ಆಡಿಸಿದರು. ಅಲ್ಲಿಗೆ ಆ ಮನೆಯ ಬಟ್ಟೆಯ ಗತಿ ಏನು ಅನ್ನುವ ಪ್ರಶ್ನೆ ಹುಟ್ಟಿತು.

ತಿಪಟೂರಿನ ಆ ಬೀದಿಯಲ್ಲಿ ಶಂಭುಲಿಂಗಯ್ಯನವರ ಮನೆ ಬೆಂಕಿಪೊಟ್ಟಣಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗಿತ್ತು. ಚಿಕ್ಕ ಸೈಟು; ಅಗಲಕ್ಕೆ ಬೆಳೆಯಲು ಜಾಗವಿಲ್ಲದೆ ಮನೆ ಎತ್ತರಕ್ಕೆ ಬೆಳೆದಿತ್ತು. ಕೆಳಗೆ ಕೊಬ್ಬರಿ ಅಂಗಡಿ, ಅಂಗಡಿಯ ಮೇಲೆ ಸಂಸಾರ, ಸಂಸಾರದ ಮೇಲೆ ತೆಂಗಿನಕಾಯಿ ಅಟ್ಟ, ಎಲ್ಲಕ್ಕಿಂತ ಮೇಲೆ ತಾರಸಿ. ಒಗೆಯುವ ಕಲ್ಲು ಇದ್ದದ್ದು ತಾರಸಿಯಲ್ಲಿ. ಅಷ್ಟು ಮೆಟ್ಟಿಲು ಹತ್ತಬೇಕೆಂದು ಗೊತ್ತಾದ ಕೂಡಲೇ ಕೆಲಸಕ್ಕೆ ಕೇಳಿಕೊಂಡು ಬಂದ ಹೆಂಗಸರು ಬಾಗಿಲಲ್ಲೇ ಕೈ ಮುಗಿದು ಹೋದರು. ಶಂಭುಲಿಂಗಯ್ಯನವರ ತಾಯಿ ಮರಿಯಮ್ಮನವರಿಗೆ ಎಪ್ಪತ್ತೈದು ವರ್ಷ. ಮಕ್ಕಳಿಬ್ಬರೂ ಬೇರೆ ಊರಿನಲ್ಲಿದ್ದರು. ಉಳಿದವರು ಒಬ್ಬರೇ.

ಹಣೆಗೆ ಮೂರು ಪಟ್ಟೆ ವಿಭೂತಿ, ಮೈಮೇಲೆ ಬಿಳಿ ಜುಬ್ಬ, ಕೊಬ್ಬರಿ ಕೈಯಲ್ಲಿ ಹಿಡಿದರೆ ಅದು ಯಾವ ಊರ ತೋಟದ್ದೆಂದು ಹೇಳಬಲ್ಲ ವ್ಯಾಪಾರಿ ಶಂಭುಲಿಂಗಯ್ಯ ಪಂಚೆ ಎತ್ತಿ ಕಟ್ಟಿ ಒಗೆಯಲು ನಿಂತರು. ಮೊದಲ ದಿನ ಸೀರೆ ಹಿಂಡಲು ಹೋಗಿ ಸೀರೆಯ ಜೊತೆ ತಾವೂ ಒಂದು ಸುತ್ತು ತಿರುಗಿದರು. ಎದುರು ಮನೆಯ ಹುಚ್ಚಕ್ಕ ತನ್ನ ತಾರಸಿಯಲ್ಲಿ ಹಪ್ಪಳ ಒಣಗಿಸುವ ನೆಪ ಮಾಡಿಕೊಂಡು ದಿನವೂ ಹಾಜರು. "ಶಂಭಣ್ಣ, ಅಂಚು ಹಂಗೇ ಬುಟ್ರಲ್ಲ, ಇನ್ನೊಂದು ಕೈ ಉಜ್ಜಿ!" ಎಂದು ಅಲ್ಲಿಂದಲೇ ಕೂಗುತ್ತಿದ್ದಳು. ಹತ್ತು ದಿನದಲ್ಲಿ ಬೀದಿಯ ಹೆಂಗಸರಿಗೆಲ್ಲ ಆ ಹೊತ್ತಿಗೆ ತಾರಸಿಯ ಮೇಲೆ ಕೆಲಸ ಬರತೊಡಗಿತು.

ಮೂರು ವಾರವಾಯಿತು. ಕಟ್ಟು ಬಿಚ್ಚಲಿಲ್ಲ. "ಒಳಗೆ ಇನ್ನೂ ಸೆಳೀತದೆ ಕಣ್ರೀ" ಅಂದರು ಗಿರಿಜಮ್ಮ. ನಲವತ್ತು ದಿನ ಹತ್ತಿರ ಬಂತು. ಆಗಲೂ ಸೆಳೆಯುತ್ತಿತ್ತು. ಒಂದು ದಿನ ಮಾರ್ಕೆಟ್ ಯಾರ್ಡಿನಲ್ಲಿ ಹರಾಜು ನಡೆಯುತ್ತಿರುವಾಗ, ತುರುವೇಕೆರೆ ಕಡೆಯ ವ್ಯಾಪಾರಿಯೊಬ್ಬರು ಹತ್ತಿರ ಬಂದು, ಕೊಬ್ಬರಿ ಧಾರಣೆ ಕೇಳುವ ಹಾಗೆ ಮೆಲ್ಲಗೆ, "ನೀವು ಯಾವ ಸೋಪು ಹಾಕ್ತೀರಿ?" ಎಂದು ಕೇಳಿದರು. ಶಂಭುಲಿಂಗಯ್ಯನವರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮಾರನೆಯ ದಿನವೇ ತುಮಕೂರಿಗೆ ಹೋಗಿ ವಾಷಿಂಗ್ ಮಿಷನ್ನಿಗೆ ಹೇಳಿ ಬಂದರು.

ಆ ಮಿಷನ್ನು ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಟೆಂಪೋದಲ್ಲಿ ಬಂದು ಇಳಿಯಿತು. ಆ ಬೀದಿಗೆ ಬಂದ ಮೊದಲನೆಯ ಮಿಷನ್ನು ಅದು. ಹುಚ್ಚಕ್ಕ ಹಾಲು ಕರೆಯುವುದನ್ನು ಅರ್ಧಕ್ಕೆ ಬಿಟ್ಟು ಚೊಂಬು ಹಿಡಿದೇ ಓಡಿ ಬಂದಳು. ಪಕ್ಕದ ಮನೆಯ ನಿವೃತ್ತ ಓವರ್‌ಸಿಯರ್ ಹನುಮಂತರಾಯರು ಅಳತೆ ಟೇಪು ಹಿಡಿದು ಬಂದರು. ಬೀದಿಯಲ್ಲಿ ಏನೇ ನಡೆದರೂ ಅವರು ಟೇಪಿಲ್ಲದೆ ಬರುವವರಲ್ಲ. ಶಂಭುಲಿಂಗಯ್ಯನವರ ಎದೆ ಮದುವೆ ಗಂಡಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ಇವತ್ತು ಇದು ತಿರುಗಿತೆಂದರೆ ನಾಳೆಯಿಂದ ತಾರಸಿ ಇಲ್ಲ, ಹುಚ್ಚಕ್ಕ ಇಲ್ಲ, ಸೋಪು ಇಲ್ಲ!

ಟೆಂಪೋದವನು, "ನಮ್ಮ ಮೆಕ್ಯಾನಿಕ್ಕು ಮುಂದಿನ ವಾರ ಬತ್ತಾರೆ, ಅವ್ರು ಕೂರ್ಸೋ ತನಕ ಚಾಲೂ ಮಾಡ್ಬೇಡಿ" ಎಂದು ಹೇಳಿ ಹೋದ. ಮುಂದಿನ ವಾರವೆಂದರೆ ಇನ್ನೂ ಏಳು ದಿನದ ಬಟ್ಟೆ. ಶಂಭುಲಿಂಗಯ್ಯನವರ ಕಿವಿಗೆ ಆ ಮಾತು ಬೀಳಲೇ ಇಲ್ಲ.

ಗಿರಿಜಮ್ಮ ಕಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದರು. ಮಿಷನ್ನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, "ಎಲ್ಲಿಕ್ತೀರಾ?" ಎಂದು ಕೇಳಿದರು.

ಎಲ್ಲಿಡುವುದು ಅನ್ನುವುದು ಆ ಕ್ಷಣದವರೆಗೆ ಶಂಭುಲಿಂಗಯ್ಯನವರಿಗೆ ಹೊಳೆದೇ ಇರಲಿಲ್ಲ. "ಮೂರಂತಸ್ತಿನ ಮನೇಲಿ ಎರಡಡಿ ಜಾಗ ಸಿಗಲ್ವೇನೇ?" ಅಂದರು.

"ಸಿಕ್ಕಿದ್ರೆ ಸರಿ ಬುಡಿ" ಅಂದರು ಗಿರಿಜಮ್ಮ.

ಮೊದಲು ಅಂಗಡಿಯ ಹಿಂಬದಿಗೆ ಇಡುವುದೆಂದಾಯಿತು. ಹಮಾಲಿ ಹಾಲಸ್ವಾಮಿ ಟವೆಲ್ಲನ್ನು ತಲೆಗೆ ಸುತ್ತಿ, ಮಿಷನ್ನನ್ನು ಬೆನ್ನಿಗೇರಿಸಿಕೊಂಡು ಒಳಗೆ ತಂದು ಇಳಿಸಿದ. ಇಳಿಸಿ ಇನ್ನೂ ಬೆನ್ನು ನೇರ ಮಾಡಿಕೊಂಡಿರಲಿಲ್ಲ, ಪಕ್ಕದ ಅಂಗಡಿಯ ಶ್ರೀರಂಗಯ್ಯನವರು ಕೂಗುತ್ತಾ ನುಗ್ಗಿದರು. ಆ ಹಿಂಬದಿಯಲ್ಲಿ ಅವರ ಕೊಬ್ಬರಿ ಚೀಲಗಳೂ ಇದ್ದವು.

"ಏನ್ ಶಂಭುಲಿಂಗಯ್ಯನೋರೆ, ಕೊಬ್ಬರಿ ಮಗ್ಗುಲಿಗೆ ಕೆರೆ ಕಟ್ತೀರಾ? ಒಂದೀಟು ತೇವ ತಗುಲ್ಲಿ, ಚೀಲಕ್ಕೆ ಚೀಲ ಬೂಜು ಹಿಡೀತದೆ! ನಿಮ್ಗೇ ನಾನು ಹೇಳ್ಕೊಡ್ಬೇಕಾ?"

ಹೇಳಿಕೊಡಬೇಕಾಗಿರಲಿಲ್ಲ. ಮೂವತ್ತು ವರ್ಷದ ವ್ಯಾಪಾರಿಗೆ ಅಷ್ಟು ಗೊತ್ತಿಲ್ಲದಿದ್ದೀತೇ? ಮಿಷನ್ನಿನ ಮೋಹದಲ್ಲಿ ಮರೆತಿತ್ತು ಅಷ್ಟೆ. "ಹಾಲಸ್ವಾಮಿ, ಎತ್ತಪ್ಪ ಮೇಲಕ್ಕೆ" ಅಂದರು.

ಮೊದಲ ಮಹಡಿಯಲ್ಲಿ ಬಚ್ಚಲಮನೆಯೇ ಸರಿಯಾದ ಜಾಗವೆಂದು ಎಲ್ಲರೂ ಒಪ್ಪಿದರು. ಹನುಮಂತರಾಯರು ಟೇಪು ಎಳೆದರು. ಬಾಗಿಲು ಇಪ್ಪತ್ತನಾಲ್ಕು ಅಂಗುಲ, ಮಿಷನ್ನು ಇಪ್ಪತ್ತೈದು.

"ಒಂದಂಗುಲ ತಾನೆ, ಒರೆಸ್ಕೊಂಡು ಹೋಗಲ್ವೇ?" ಅಂದರು ಶಂಭುಲಿಂಗಯ್ಯ.

"ಇದೇನು ಎಮ್ಮೆಯೇನ್ರೀ, ಹೊಟ್ಟೆ ಒಳಗೆ ಎಳ್ಕಂಡು ಹೋಗಾಕೆ? ಕಬ್ಬಿಣ ಕಣ್ರೀ!" ಎಂದು ಹನುಮಂತರಾಯರು ರೇಗಿದರು. ಅಡುಗೆಮನೆಯಲ್ಲಿ ಒಲೆಯ ಎದುರು ನೀರು ತಿರುಗುವುದು ಮನೆಗೆ ಒಳ್ಳೆಯದಲ್ಲವೆಂದು ಅವರೇ ತೀರ್ಪು ಕೊಟ್ಟರು. ನಡುಮನೆಯಲ್ಲಿ ನೀರು ಹೋಗಲು ದಾರಿಯಿರಲಿಲ್ಲ. ಇನ್ನು ಮಲಗುವ ಕೋಣೆ.

"ಮಂಚದ ಮಗ್ಗುಲಿಗಾ?" ಎಂದು ಗಿರಿಜಮ್ಮ ಬಾಗಿಲಿಗೆ ಅಡ್ಡ ನಿಂತರು. "ಅದು ಅಲ್ಲಿ ನಿಂತ್ರೆ ನಾನೆಲ್ಲಿ ಮಲಗ್ಲಿ? ಅದರೊಳಗಾ?"

ಹುಚ್ಚಕ್ಕ ಕಿಸಕ್ಕನೆ ನಕ್ಕಳು. ಹಾಲಸ್ವಾಮಿ ಬೆವರು ಒರೆಸಿಕೊಂಡು, "ಎಲ್ಲಾದ್ರೂ ಒಂದು ಕಡೆ ಅನ್ರಪ್ಪ, ಸೊಂಟ ಓಯ್ತದೆ" ಅಂದ. ಹಾಗಾಗಿ ಮಿಷನ್ನು ಅಟ್ಟದ ಮಹಡಿಯನ್ನು ದಾಟಿಕೊಂಡು ತಾರಸಿಗೆ ಹೋಯಿತು.

ತಾರಸಿಯಲ್ಲಿ ನೀರಿತ್ತು, ನೀರು ಹೋಗಲು ದಾರಿಯಿತ್ತು, ಬೇಕಾದಷ್ಟು ಗಾಳಿಯಿತ್ತು. ಹನುಮಂತರಾಯರು ಟೇಪು ಎಳೆದು, "ಇಲ್ಲಿ ಒಂದು ಶೀಟು ಹಾಕಿಸಿದ್ರೆ ಆಯ್ತು" ಎಂದು ಒಪ್ಪಿಗೆ ಕೊಟ್ಟರು. ಶಂಭುಲಿಂಗಯ್ಯನವರು ಖುಷಿಯಲ್ಲಿ ಪೆಟ್ಟಿಗೆ ಬಿಚ್ಚಿ, ಮಿಷನ್ ನಡೆಸುವ ಕ್ರಮ ಬರೆದಿದ್ದ ಪುಸ್ತಕ ತೆಗೆದು, ಮುಚ್ಚಳದ ಮೇಲಿಟ್ಟು, ಕನ್ನಡಕಕ್ಕಾಗಿ ಜೇಬು ತಡಕಿದರು. ಕನ್ನಡಕ ಸಿಗುವಷ್ಟರಲ್ಲಿ ಪುಸ್ತಕವಿರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಒಂದು ದೊಡ್ಡ ಕೋತಿ ಕೂತು ಅದರ ಹಾಳೆಗಳನ್ನು ಒಂದೊಂದಾಗಿ ಕಿತ್ತು ರುಚಿ ನೋಡುತ್ತಿತ್ತು. ಇನ್ನೆರಡು ಕೋತಿಗಳು ಮಿಷನ್ನಿನ ಹಿಂದಿನ ಪೈಪು ಹಿಡಿದು ಎಳೆಯತೊಡಗಿದವು. ನಾಲ್ಕನೆಯದು ಮುಚ್ಚಳ ತೆಗೆದು ಒಳಗೆ ಇಳಿಯಿತು.

"ಹುಶ್! ಹುಶ್!" ಎಂದು ಶಂಭುಲಿಂಗಯ್ಯ ಪಂಚೆ ಬೀಸಿದರು. ಒಳಗಿದ್ದ ಕೋತಿ ತಲೆ ಎತ್ತಿ ಹಲ್ಲು ಕಿಸಿಯಿತು. ಅದನ್ನು ಹೊರಗೆ ತರಲು ಎರಡು ಬಾಳೆಹಣ್ಣು, ಅರ್ಧ ಗಂಟೆ ಹಿಡಿಯಿತು.

"ಇಲ್ಲಿ ಇಕ್ಕಿದ್ರೆ ಮಿಷನ್ನು ಅವುಗಳ್ದೇ ಕಣ್ ಶಂಭಣ್ಣ" ಎಂದಳು ಹುಚ್ಚಕ್ಕ.

ಹಾಲಸ್ವಾಮಿ ಮಿಷನ್ನನ್ನು ಮತ್ತೆ ಬೆನ್ನಿಗೆ ಹಾಕಿಕೊಂಡ. ಒಂದು ಮಹಡಿ ಇಳಿದ. ಅಟ್ಟದ ಬಾಗಿಲ ಒಳಗೆ ಕಾಲಿಟ್ಟು, ಧೊಪ್ಪನೆ ಇಳಿಸಿ, ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಸಾವ್ಕಾರ್ರೆ, ಇದು ಇಲ್ಲಿಂದ ಕದಲಲ್ಲ. ಕದಲಿಸ್ಬೇಕು ಅಂದ್ರೆ ಮೊದ್ಲು ನನ್ನ ಎತ್ಕೊಂಡು ಹೋಗಿ ಆಸ್ಪತ್ರೆಗೆ ಸೇರ್ಸಿ."

ಅಟ್ಟವೆಂದರೆ ಮರಿಯಮ್ಮನವರ ರಾಜ್ಯ. ಮನೆಯಲ್ಲಿ ಅತ್ಯಂತ ಗಾಳಿ ಬೆಳಕಿನ ಮಹಡಿ ಅದು, ಆದರೆ ಅಲ್ಲಿದ್ದದ್ದು ಆರು ಸಾವಿರ ತೆಂಗಿನಕಾಯಿ. ಸಿಪ್ಪೆ ಸಮೇತ ಕಾಯಿಗಳನ್ನು ಅಟ್ಟಣಿಗೆಯ ಮೇಲೆ ರಾಶಿ ಹಾಕಿ, ಮೆಟ್ಟಿಲ ಕಡೆಗೆ ಉರುಳದಂತೆ ಅಡ್ಡ ಹಲಗೆ ಕೊಟ್ಟು, ಹಲಗೆಗೆ ಒಂದು ಗೂಟ ಒತ್ತು ಕೊಟ್ಟಿದ್ದರು. ಹತ್ತು ಹನ್ನೊಂದು ತಿಂಗಳು ಅವು ಹಾಗೆಯೇ ಮಲಗಿರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎಂದರೆ ಕೊಬ್ಬರಿ ಆಯಿತೆಂದು ಅರ್ಥ. ಅಲ್ಲಿಯ ತನಕ ಆ ಕೋಣೆಗೆ ಒದ್ದೆ ಕಾಲಲ್ಲಿ ಹೋಗುವವರಿಗೂ ಮರಿಯಮ್ಮನವರಿಂದ ಬೈಗುಳ ತಪ್ಪಿದ್ದಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಶೆಟ್ಟಿಕೆರೆಗೆ ಹೊರಡುವಾಗಲೂ ಅವರು, "ನಿನ್ನ ಮಿಷನ್ನ ಎಲ್ಲಾದ್ರೂ ಇಕ್ಕೊ ಶಂಭು, ಅಟ್ಟದ ಕಡೆ ಮಾತ್ರ ತಲೆ ಹಾಕ್ಬೇಡ" ಎಂದು ಹೇಳಿಯೇ ಹೋಗಿದ್ದರು.

ಗಿರಿಜಮ್ಮ ಕೆಳಗಿನಿಂದ ಕೂಗಿದರು. "ಅತ್ತೆ ಏನ್ ಹೇಳಿ ಹೋಗವ್ರೆ, ಗ್ಯಾಪಕ ಐತಾ?"

"ಅವ್ವ ಬರೋದು ಆರು ಗಂಟೆ ಬಸ್ಸಿಗೆ. ಒಂದೇ ಒಂದು ಸಲ ತಿರುಗಿಸಿ ನೋಡ್ತೀನಿ. ಅಷ್ಟರಲ್ಲಿ ಇವನಿಗೂ ಸೊಂಟ ಸರಿ ಹೋಯ್ತದೆ, ಇಳಿಸಿದ್ರಾಯ್ತು!"

ಆಸೆ ಅನ್ನುವುದು ಮನುಷ್ಯನನ್ನು ಎಲ್ಲಿಗೆ ಬೇಕಾದರೂ ಹತ್ತಿಸುತ್ತದೆ. ಶಂಭುಲಿಂಗಯ್ಯನವರು ತಾರಸಿಯ ಟ್ಯಾಂಕಿನಿಂದ ಕಿಟಕಿಯ ಮೂಲಕ ನೀರಿನ ಪೈಪು ಎಳೆದರು. ಕೊಳೆ ನೀರಿನ ಪೈಪನ್ನು ಇನ್ನೊಂದು ಕಿಟಕಿಯಿಂದ ಹೊರಗೆ ಬಿಟ್ಟರು. ಬಲ್ಬಿನ ಹೋಲ್ಡರಿಗೆ ವೈರು ಸಿಕ್ಕಿಸಿದರು. ನಲವತ್ತು ದಿನದಿಂದ ಕೈಯಲ್ಲಿ ಹಿಂಡಲಾಗದೆ ಮೂಲೆಗೆ ತಳ್ಳಿದ್ದ ಕರಿ ಕಂಬಳಿ, ಅದರ ಮೇಲೆ ಜಮಖಾನ, ಅದರ ಮೇಲೆ ಎರಡು ದುಪ್ಪಟಿ, ಎಲ್ಲವನ್ನೂ ಕಾಲಲ್ಲಿ ತುಳಿಯುವಂತೆ ಅದುಮಿ ತುಂಬಿದರು. ಪುಸ್ತಕ ಕೋತಿಯ ಹೊಟ್ಟೆಯಲ್ಲಿದ್ದುದರಿಂದ, ಹನುಮಂತರಾಯರು ಹೇಳಿದ ಗುಂಡಿಯನ್ನು ಒತ್ತಿದರು.

ಮಿಷನ್ನು ತಿರುಗಿತು!

"ತಿರುಗ್ತು! ಗಿರಿಜಾ, ತಿರುಗ್ತು ಕಣೇ! ಹುಚ್ಚಕ್ಕ, ನೋಡು ಬಾ, ನೊರೆ ನೋಡು!" ಎಂದು ಐವತ್ತೆರಡು ವರ್ಷದ ಶಂಭುಲಿಂಗಯ್ಯನವರು ಅಟ್ಟದ ಬಾಗಿಲಲ್ಲಿ ಕುಣಿದರು. ಮಿಷನ್ನು ಬಟ್ಟೆಯನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ, ಕೊಳೆ ನೀರನ್ನು ಕಿಟಕಿಯಿಂದ ಆಚೆ ಉಗಿದು, ಸ್ವಲ್ಪ ಹೊತ್ತು ಸುಮ್ಮನಾಯಿತು. ನೆಲದ ಮೇಲೆ ಒಂದು ಹನಿ ಬಿದ್ದಿರಲಿಲ್ಲ. ಹೆಂಡತಿಯನ್ನೂ ಅವ್ವನನ್ನೂ ಕರೆತಂದು ತೋರಿಸಬೇಕು ಅನ್ನಿಸುವಷ್ಟು ಅವರಿಗೆ ಸಂತೋಷವಾಯಿತು. ಆಮೇಲೆ ಮಿಷನ್ನು ಹಿಂಡಲು ಶುರು ಮಾಡಿತು.

ಮೊದಲು ಗುರ್ ಎಂದಿತು. ಆಮೇಲೆ ನೀರು ಕುಡಿದ ಕಂಬಳಿ ಒಂದು ಕಡೆಗೆ ವಾಲಿಕೊಂಡು, ಮಿಷನ್ನು ದೆವ್ವ ಬಂದವರ ಹಾಗೆ ನಡುಗತೊಡಗಿತು. ನೆಲ ನಡುಗಿತು, ಗೋಡೆ ನಡುಗಿತು, ಅಟ್ಟಣಿಗೆ ನಡುಗಿತು. ಅಟ್ಟಣಿಗೆಯ ಮೇಲೆ ಹತ್ತು ತಿಂಗಳಿಂದ ಮಲಗಿದ್ದ ಆರು ಸಾವಿರ ಕಾಯಿಗಳ ಹೊಟ್ಟೆಯಲ್ಲಿ ಕೊಬ್ಬರಿ ಒಟ್ಟಿಗೆ ಸದ್ದು ಮಾಡಿತು.

ಗಡಗಡ ಗಡಗಡ ಗಡಗಡ!

ಬೇರೆ ಯಾವ ಊರಿನಲ್ಲಾದರೂ ಜನ ಮನೆ ಬಿಟ್ಟು ಓಡಿ ಹೋಗುತ್ತಿದ್ದರು. ಇದು ತಿಪಟೂರು. ಕೆಳಗಿದ್ದ ಶ್ರೀರಂಗಯ್ಯನವರು ಚೀಲ ಬಿಟ್ಟು, ಚಪ್ಪಲಿ ಬಿಟ್ಟು, ಎರಡೆರಡು ಮೆಟ್ಟಿಲು ಹಾರುತ್ತಾ ಮೇಲೆ ಬಂದರು. "ಆಗೈತೆ! ಕಾಯಿ ಆಗೈತೆ ಕಣ್ರೀ! ಏನ್ ಸದ್ದು ಅಂತೀನಿ! ಬೇರೆಯೋರ್ಗೆ ಕೊಟ್ಬುಟ್ಟೀರಾ, ಈ ಅಟ್ಟದ ಕಾಯೆಲ್ಲ ನಂಗೇ!"

ನಡುಗುತ್ತಿರುವುದು ಮಿಷನ್ನು ಎಂದು ಶಂಭುಲಿಂಗಯ್ಯನವರು ಹೇಳಬಹುದಿತ್ತು. ಆದರೆ ಆ ಸದ್ದು ಕಿವಿಗೆ ಬಿದ್ದ ಮೇಲೆ ಅವರಿಗೂ ಮೈಮೇಲೆ ಎಚ್ಚರವಿರಲಿಲ್ಲ. ಒಳಗೆ ಹೋಗಿ ರಾಶಿಗೆ ಕಿವಿ ಕೊಟ್ಟರು. ಹನುಮಂತರಾಯರೂ ಕಿವಿ ಕೊಟ್ಟರು. ಸೊಂಟ ನೋವಿನ ಹಾಲಸ್ವಾಮಿ ಎದ್ದು ಬಂದು ಒಂದು ಕಾಯಿಯನ್ನು ಕಿವಿಯ ಹತ್ತಿರ ಹಿಡಿದ. ಹುಚ್ಚಕ್ಕನೂ ಚೊಂಬು ಕೆಳಗಿಟ್ಟು ಒಂದನ್ನು ಹಿಡಿದಳು.

"ಇನ್ನ ಹದಿನೈದು ದಿನ ಬೇಕು" ಅಂದರು ಹನುಮಂತರಾಯರು.

"ರೋಡು ಅಳೆಯೋರ್ಗೆ ಕಾಯಿ ಸದ್ದು ಏನ್ರೀ ಗೊತ್ತು? ಇವತ್ತು ಒಡೆದ್ರೆ ಇವತ್ತೇ ಗಿಟುಕು ಕೊಬ್ಬರಿ!" ಎಂದರು ಶ್ರೀರಂಗಯ್ಯ.

"ನಮ್ಮವ್ವ ಅಲ್ಲಾಡಿಸಿ ನೋಡದೆ ನಾನು ಒಂದು ಮಾತೂ ಆಡಲ್ಲ" ಎಂದರು ಶಂಭುಲಿಂಗಯ್ಯ, ಕಣ್ಣು ಮುಚ್ಚಿಕೊಂಡು, ಸದ್ದಿನ ಸುಖದಲ್ಲಿ.

ಎಲ್ಲರ ಕಿವಿ ರಾಶಿಯ ಮೇಲಿತ್ತು, ಎಲ್ಲರ ಬೆನ್ನು ಮಿಷನ್ನಿನ ಕಡೆಗಿತ್ತು. ಮಿಷನ್ನು ಅಷ್ಟರಲ್ಲಿ ನಡೆಯಲು ಕಲಿತಿತ್ತು. ಒಂದೊಂದೇ ಅಂಗುಲ ಸರಿಯುತ್ತಾ, ಪೈಪುಗಳನ್ನು ಎಳೆದುಕೊಂಡು, ಅಡ್ಡ ಹಲಗೆಯ ಕಡೆಗೆ ಹೊರಟಿತ್ತು. ಮೊದಲು ಕಂಡದ್ದು ಹಾಲಸ್ವಾಮಿಗೆ.

"ಸಾವ್ಕಾರ್ರೆ, ಅದು ಎಲ್ಲಿಗೋ ಹೊಂಟೈತೆ!"

ಶಂಭುಲಿಂಗಯ್ಯ ಕಣ್ಣು ಬಿಟ್ಟು ತಿರುಗುವುದಕ್ಕೂ ಮಿಷನ್ನು ಹೋಗಿ ಒತ್ತು ಗೂಟಕ್ಕೆ ಗುದ್ದುವುದಕ್ಕೂ ಸರಿಹೋಯಿತು. ಗೂಟ ಹಾರಿತು. ಹಲಗೆ ಬಿತ್ತು. ಒಂದು ಕಾಯಿ ಉರುಳಿತು, ಅದರ ಹಿಂದೆ ಹತ್ತು ಉರುಳಿದವು, ಅವುಗಳ ಹಿಂದೆ ಇಡೀ ರಾಶಿ ಕೋಡಿ ಬಿದ್ದ ಕೆರೆಯ ಹಾಗೆ ಬಾಗಿಲ ಕಡೆಗೆ ನುಗ್ಗಿತು. ಹನುಮಂತರಾಯರು ಟೇಪು ಬಿಸಾಕಿ ಕಿಟಕಿ ಏರಿದರು. ಶ್ರೀರಂಗಯ್ಯನವರು ಅವರ ಭುಜ ಏರಿದರು. ಕಾಯಿಗಳ ನೂಕಿಗೆ ಮಿಷನ್ನು ವೈರು ಕಿತ್ತುಕೊಂಡು, ಬಾಗಿಲು ದಾಟಿ, ಮೆಟ್ಟಿಲ ತುದಿಯಲ್ಲಿ ಒಂದು ಕ್ಷಣ ನಿಂತು, ಕೆಳಗೆ ಬಿತ್ತು.

ಅದು ಒಂದೊಂದು ಮೆಟ್ಟಿಲನ್ನೂ ಮುಟ್ಟುತ್ತಾ ಮೊದಲ ಮಹಡಿಯ ತನಕ ಹೋದ ಸದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಮುಚ್ಚಳ ಒಂದು ಕಡೆ, ಒಳಗಿನ ಡ್ರಮ್ಮು ಒಂದು ಕಡೆ, ಕಂಬಳಿ ಒಂದು ಕಡೆ. ಅದರ ಬೆನ್ನ ಹಿಂದೆಯೇ ಕಾಯಿ ಧಡಧಡನೆ ಇಳಿಯತೊಡಗಿತು. ನೂರಾರು ಕಾಯಿ ಅಂಗಡಿಯೊಳಗಿಂದ ಬೀದಿಗೆ ಹೋದವು. ಆಟೋಗಳು ನಿಂತವು. ಹುಚ್ಚಕ್ಕನ ಹಸು ಹಗ್ಗ ಕಿತ್ತುಕೊಂಡು ಓಡಿತು.

"ಅಯ್ಯೋ ನಮ್ಮವ್ವ! ಅವ್ವ ನನ್ನ ಕೊಂದೇ ಬುಡ್ತಾಳೆ!" ಎಂದು ಶಂಭುಲಿಂಗಯ್ಯನವರು ಕಾಯಿಗಳ ಮೇಲೆ ಜಾರುತ್ತಾ, ಕೂರುತ್ತಾ, ಮತ್ತೆ ಏಳುತ್ತಾ ಕೆಳಗೆ ಬಂದರು. ಬಂದವರು ಮೊದಲ ಮಹಡಿಯ ತಿರುವಿನಲ್ಲಿ ಹಾಗೆಯೇ ನಿಂತುಬಿಟ್ಟರು.

ಅಲ್ಲಿ ಗಿರಿಜಮ್ಮ ಇದ್ದರು. ಮಲಗುವ ಕೋಣೆಯ ಮಂಚವನ್ನು ಎಳೆದು ತಂದು, ಮಗ್ಗುಲಿಗೆ ಎತ್ತಿ ನಿಲ್ಲಿಸಿ, ಮೆಟ್ಟಿಲಿಗೆ ಅಡ್ಡ ಹಿಡಿದಿದ್ದರು. ಮಂಚಕ್ಕೆ ಒತ್ತಿಕೊಂಡು ಕಾಯಿ ಎದೆಯೆತ್ತರ ಬಂದು ನಿಂತಿತ್ತು. ಗಿರಿಜಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಒತ್ತಿ ಹಿಡಿದಿದ್ದರು. ಎರಡೂ ಕೈಯಲ್ಲಿ. ಬಿದಿರು ದಬ್ಬೆಯ ಕಟ್ಟು ಬಿಚ್ಚಿ ಕಾಲ ಬಳಿ ಬಿದ್ದಿತ್ತು.

"ಗಿರಿಜಾ... ನಿನ್ನ ಕೈ!"

ಗಿರಿಜಮ್ಮ ಎಡಗೈ ಕಡೆ ನೋಡಿದರು. ಗಂಡನ ಕಡೆ ನೋಡಿದರು. ಸುಳ್ಳು ಹೇಳಲು ಸಮಯವಿರಲಿಲ್ಲ. "ಅದು ವಾಸಿ ಆಗಿ ಹತ್ತೊಂಬತ್ತು ದಿನ ಆಯ್ತು" ಅಂದರು.

"ಮತ್ತೆ ಸೆಳೀತದೆ ಅಂತಿದ್ದೆ? ಹತ್ತೊಂಬತ್ತು ದಿನ ನನ್ನ ಕೈಲಿ... ಊರೆಲ್ಲ ನಗೋ ಹಂಗೆ..."

"ಸೆಳೀತಿದ್ದದ್ದು ಕೈ ಅಲ್ಲ ಕಣ್ರೀ" ಎಂದರು ಗಿರಿಜಮ್ಮ, ಮಂಚ ಬಿಡದೆ. "ಇಪ್ಪತ್ತಾರು ವರ್ಷ ಆ ಮೆಟ್ಟಿಲು ಹತ್ತಿ ಒಗೆದೆ. ಇಬ್ಬರು ಮಕ್ಕಳ ಹೊಟ್ಟೇಲಿ ಇಟ್ಕಂಡೂ ಒಗೆದೆ. ಒಂದು ಬ್ರಷ್ಷು ತಂದುಕೊಟ್ಟೋರಲ್ಲ ನೀವು. ನೀವು ನಲವತ್ತು ದಿನ ಒಗೆದ್ರಿ, ಮನೆ ಬಾಗಿಲಿಗೆ ಮಿಷನ್ನೇ ಬಂತು!"

ಶಂಭುಲಿಂಗಯ್ಯನವರಿಗೆ ನಾಚಿಕೆಯಾಯಿತು. ಆ ನಲವತ್ತು ದಿನದಲ್ಲಿ ಬೀದಿಯವರು ನಕ್ಕಾಗಲೂ, ಯಾರ್ಡಿನಲ್ಲಿ ಸೋಪಿನ ಹೆಸರು ಕೇಳಿದಾಗಲೂ ಆಗದಷ್ಟು ನಾಚಿಕೆಯಾಯಿತು. ಆದರೆ ನಾಚಿಕೆಪಟ್ಟುಕೊಂಡು ನಿಲ್ಲುವುದಕ್ಕೂ ಸಮಯವಿರಲಿಲ್ಲ. ಗೋಡೆಯ ಗಡಿಯಾರ ನಾಲ್ಕು ಗಂಟೆ ತೋರಿಸುತ್ತಿತ್ತು.

"ಅವ್ವ ಬರೋ ಹೊತ್ತಿಗೆ ಕಾಯಿ ಅಟ್ಟದ ಮೇಲಿರಬೇಕು ಕಣೇ. ಇಲ್ದಿದ್ರೆ ನನ್ನ ಕತೆ ಮುಗೀತು. ನೀನೂ ಒಂದು ಮಾತು ಆಡಬಾರ್ದು."

"ಕಾಯಿ ನಾನು ಹತ್ತಿಸ್ತೀನಿ, ಬೀದಿ ಹೆಂಗಸರ್ನೂ ಕರೀತೀನಿ. ಅತ್ತೆಗೆ ನಾನೂ ಹೇಳಲ್ಲ, ಅವರೂ ಹೇಳಲ್ಲ. ಬಟ್ಟೆ ವಿಚಾರ ಮಾತಾಡಿ."

"ಒಂದು ತಿಂಗಳು ನಾನೇ ಒಗೀತೀನಿ."

ಗಿರಿಜಮ್ಮ ಮಂಚದ ಮೇಲೆ ಬಿದ್ದಿದ್ದ ಒದ್ದೆ ಜಮಖಾನವನ್ನು ಎಳೆದು ಗಂಡನ ಕೈಮೇಲೆ ಹೊದಿಸಿದರು. ಜಾತ್ರೆಯಲ್ಲಿ ಎತ್ತಿನ ವ್ಯಾಪಾರ ಮಾಡುವವರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಾರಲ್ಲ, ಹಾಗೆ ಅದರ ಕೆಳಗೆ ಕೈ ತೂರಿಸಿ ಶಂಭುಲಿಂಗಯ್ಯನವರ ಐದೂ ಬೆರಳನ್ನು ಗಟ್ಟಿಯಾಗಿ ಹಿಡಿದರು.

"ಐದು ತಿಂಗಳಾ?" ಎಂದು ಕೇಳಿದರು ಶಂಭುಲಿಂಗಯ್ಯ, ಆಸೆಯಿಂದ.

"ವರ್ಷ."

ಮೂವತ್ತು ವರ್ಷ ವ್ಯಾಪಾರ ಮಾಡಿದ ಶಂಭುಲಿಂಗಯ್ಯನವರು ಎರಡು ಬೆರಳು ಬಿಡಿಸಿಕೊಳ್ಳಲು ನೋಡಿದರು. ವಾಸಿಯಾದ ಕೈಯ ಹಿಡಿತ ಸಡಿಲವಾಗಲಿಲ್ಲ. ಕೊನೆಗೆ ಹಣೆಯ ವಿಭೂತಿ ಮುಟ್ಟಿ ಆಣೆ ಮಾಡಿದರು.

ಆಮೇಲಿನ ಎರಡು ಗಂಟೆ ಆ ಬೀದಿ ಇರುವೆಗೂಡಿನಂತಾಯಿತು. ಹುಚ್ಚಕ್ಕ ಮಡಿಲು ತುಂಬ ಕಾಯಿ ತಂದಳು. ಆಟೋದವರು ತಂದರು. ಶ್ರೀರಂಗಯ್ಯನವರು ಚೀಲ ಕೊಟ್ಟರು. ಹಾಲಸ್ವಾಮಿ ಸೊಂಟ ಮರೆತು ಹತ್ತಿ ಇಳಿದ. ಗಿರಿಜಮ್ಮ ಎರಡೂ ಕಂಕುಳಲ್ಲಿ ಚೀಲ ಇರುಕಿಕೊಂಡು ಮೆಟ್ಟಿಲು ಹತ್ತುವುದನ್ನು ಶಂಭುಲಿಂಗಯ್ಯನವರು ಬಾಯಿ ಬಿಟ್ಟುಕೊಂಡು ನೋಡಿದರು. ಹಲಗೆ ನಿಂತಿತು, ಗೂಟ ಕೂತಿತು, ನೆಲ ಗುಡಿಸಿದ್ದಾಯಿತು. ಮಿಷನ್ನಿನ ಮುರಿದ ಮೈಯನ್ನು ಅಂಗಡಿಯ ಮೂಲೆಗೆ ಹಾಕಿ ಗೋಣಿಚೀಲ ಹೊದಿಸಿದರು.

ಆರೂಕಾಲಿಗೆ ಮರಿಯಮ್ಮನವರು ಕೈಚೀಲ ಹಿಡಿದು ಬಂದರು. ನಡುಮನೆಯಲ್ಲಿ ಕಾಲು ಚಾಚಿ ಕೂತು, ಸೊಸೆ ಕೊಟ್ಟ ನೀರು ಕುಡಿದು, ಮಗನನ್ನು ಹತ್ತಿರ ಕರೆದರು.

"ಶೆಟ್ಟಿಕೆರೆಗೆ ಯಾಕೆ ಹೋಗಿದ್ದೆ ಗೊತ್ತೇನ್ಲಾ? ಕಾಯಿ ಸುಲಿಯೋರ್ನ ಗೊತ್ತು ಮಾಡಾಕೆ. ನಿನ್ನೆ ಹತ್ತು ಕಾಯಿ ಅಲ್ಲಾಡ್ಸಿ ನೋಡ್ದೆ, ಒಳ್ಳೆ ಸದ್ದು ಬತ್ತಾ ಐತೆ. ನಾಳೆ ಬೆಳಿಗ್ಗೇನೇ ಬತ್ತಾರೆ. ಅಟ್ಟ ಪೂರಾ ಖಾಲಿ."

"ನಾಳೇನಾ ಅವ್ವ?"

"ಹೂಂ ಕಣಪ್ಪ. ಇನ್ಮೇಲೆ ಕಾಯಿ ತೋಟದ ಮನೆ ಅಟ್ಟಕ್ಕೇ ಹಾಕ್ಸನ. ಹಣೆ ತುಂಬ ವಿಭೂತಿ ಹಚ್ಕೊಳ್ಳೋ ನನ್ನ ಮಗ ಸೀರೆ ಹಿಂಡೋದು ನೋಡಿ ನೋಡಿ ನನ್ನ ಹೊಟ್ಟೆ ಉರಿದೋಗೈತೆ. ಈ ಮನೇಲಿ ಅಷ್ಟು ಒಳ್ಳೆ ಗಾಳಿ ಬರೋ ಜಾಗ ಇನ್ನೊಂದಿಲ್ಲ. ನಿನ್ನ ಮಿಷನ್ನ ಅಲ್ಲೇ ಇಕ್ಕೊ, ನಿಮ್ಮವ್ವ ಹೇಳ್ತಾ ಇದೀನಿ. ಇನ್ನ ನೀನು ಬಟ್ಟೆ ಮುಟ್ಟಬಾರ್ದು."

ಶಂಭುಲಿಂಗಯ್ಯನವರು ಗೋಡೆ ಹಿಡಿದುಕೊಂಡರು. ಬಾಗಿಲಲ್ಲಿ ನಿಂತಿದ್ದ ಹುಚ್ಚಕ್ಕ ಸೆರಗನ್ನು ಬಾಯಿಗೆ ಅಡ್ಡ ಇಟ್ಟುಕೊಂಡಳು. ಹನುಮಂತರಾಯರು ಸೂರು ನೋಡಿದರು.

ಮರಿಯಮ್ಮನವರು ಉತ್ಸಾಹದಿಂದ ಎದ್ದು ನಿಂತು ಸುತ್ತಲೂ ಕಣ್ಣಾಡಿಸಿದರು. "ಎಲ್ಲೋ ಅದು? ಬಂತಂತಲ್ಲ ಮಿಷನ್ನು, ತೋರ್ಸು ನೋಡನ."

ಗಿರಿಜಮ್ಮ ಒಳಗೆ ಹೋಗಿ ಬಟ್ಟೆ ತುಂಬಿದ ಬಕೆಟ್ ತಂದು ಗಂಡನ ಕೈಗೆ ಕೊಟ್ಟರು. ಆಮೇಲೆ ಅತ್ತೆಯ ಕಡೆ ತಿರುಗಿ, ವಿನಯದಿಂದ, ಹೊಸ ಸಾಮಾನು ತೋರಿಸುವ ಅಂಗಡಿಯವರ ಹಾಗೆ ಕೈ ಚಾಚಿದರು.

"ಇದೇ ಅತ್ತೆ. ಒಗೀತದೆ, ಹಿಂಡ್ತದೆ, ತಾರಸಿಗೆ ತಗೊಂಡೋಗಿ ಒಣಗೂ ಹಾಕ್ತದೆ. ಐದು ವರ್ಷ ಗ್ಯಾರಂಟಿ."